ಏಪ್ರನ್ ಮೇಲೆ ಇಂಧನ ಚೆಲ್ಲಿದಾಗ: ಮೊದಲ ನಿಮಿಷದಿಂದ ವಿಮಾನ ಬಿಡುಗಡೆಯವರೆಗೆ

ಏಪ್ರನ್ ಎಂದರೆ ವಿಮಾನ ನಿಲ್ದಾಣದಲ್ಲಿ ವಿಮಾನಗಳು ನಿಲ್ಲುವ ಅಂಗಳ. ಅಲ್ಲಿ ವಿಮಾನಕ್ಕೆ ಇಂಧನ ತುಂಬಿಸುವಾಗ ಒಂದಿಷ್ಟು ನೆಲಕ್ಕೆ ಚೆಲ್ಲಿದರೆ ಸುತ್ತ ನಿಂತವರ ಕೈ ಸುಮ್ಮನಿರುವುದಿಲ್ಲ. ಒಬ್ಬರು ನಿಂತ ವಿಮಾನಕ್ಕೆ ವಿದ್ಯುತ್ ಕೊಡುವ ನೆಲದ ಕೇಬಲ್ ಕಿತ್ತು ಹಾಕಲು ಓಡುತ್ತಾರೆ, ಇನ್ನೊಬ್ಬರು ಲಗೇಜಿನ ಟ್ರ್ಯಾಕ್ಟರನ್ನು ಸ್ಟಾರ್ಟ್ ಮಾಡಿ ದೂರ ಒಯ್ಯಲು ನೋಡುತ್ತಾರೆ, ಮತ್ತೊಬ್ಬರು ನೀರಿನ ಪೈಪ್ ಹುಡುಕುತ್ತಾರೆ. ಮೂವರ ಉದ್ದೇಶವೂ ಒಳ್ಳೆಯದೇ. ಮೂರು ಕೆಲಸಗಳೂ ಅಪಾಯವನ್ನು ಹೆಚ್ಚಿಸುತ್ತವೆ. ಚೆಲ್ಲಿದ ಇಂಧನದ ಹತ್ತಿರ ಏನು ಮಾಡಬೇಕು ಎನ್ನುವುದರಷ್ಟೇ ಏನನ್ನು ಮುಟ್ಟಬಾರದು ಎಂಬುದೂ ಮುಖ್ಯ. ಈ ಮಾರ್ಗದರ್ಶಿಯ ಹೆಚ್ಚು ಭಾಗ ಅದಕ್ಕೇ ಮೀಸಲು.

ಇಲ್ಲಿ ಹೇಳಿರುವುದು ಎಲ್ಲೆಡೆ ಅನ್ವಯಿಸುವ ಕ್ರಮ. ನೀವು ಕೆಲಸ ಮಾಡುವ ವಿಮಾನ ನಿಲ್ದಾಣದ ಲಿಖಿತ ನಿಯಮ ಇದಕ್ಕಿಂತ ಕಟ್ಟುನಿಟ್ಟಾಗಿದ್ದರೆ ಅದನ್ನೇ ಪಾಲಿಸಿ.

ಚೆಲ್ಲಿದ್ದು ಯಾವ ಇಂಧನ?

ದೊಡ್ಡ ವಿಮಾನಗಳಿಗೆ ಹಾಕುವ ಜೆಟ್ ಎ-1 ಸೀಮೆಎಣ್ಣೆಯ ಜಾತಿಗೆ ಸೇರಿದ್ದು. ಅದರ ಫ್ಲ್ಯಾಶ್ ಪಾಯಿಂಟ್ ಕನಿಷ್ಠ 38 ಡಿಗ್ರಿ ಸೆಲ್ಸಿಯಸ್ ಇರಬೇಕು. ಅಂದರೆ ಅದಕ್ಕಿಂತ ತಣ್ಣಗಿರುವಾಗ, ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿಯನ್ನು ಅದು ಬಿಡುವುದಿಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನಗಳಿಗೆ ಹಾಕುವ ಏವಿಯೇಷನ್ ಗ್ಯಾಸೋಲಿನ್‌ನ ಫ್ಲ್ಯಾಶ್ ಪಾಯಿಂಟ್ ಮೈನಸ್ 40 ಡಿಗ್ರಿಯ ಆಸುಪಾಸಿನಲ್ಲಿದೆ. ಭೂಮಿಯ ಬಹುತೇಕ ಎಲ್ಲ ಕಡೆ, ಎಲ್ಲ ಋತುವಿನಲ್ಲಿ ಅದು ಹೊತ್ತಿಕೊಳ್ಳಲು ಸಿದ್ಧವಾಗಿಯೇ ಇರುತ್ತದೆ. ನೀಲಿ ಬಣ್ಣದ್ದು ಕಂಡರೆ ಅದು 100ಎಲ್‌ಎಲ್ ದರ್ಜೆಯ ಗ್ಯಾಸೋಲಿನ್. ಜೆಟ್ ಎ-1 ನೀರಿನಂತೆ ತಿಳಿಯಾಗಿ ಅಥವಾ ತೆಳು ಹಳದಿಯಾಗಿ ಇರುತ್ತದೆ.

ಈ 38 ಡಿಗ್ರಿಯ ಅಂಕಿಯೇ ಹಲವರನ್ನು ಮೈಮರೆಸುತ್ತದೆ. ‘ಜೆಟ್ ಇಂಧನಕ್ಕೆ ಬೆಂಕಿಕಡ್ಡಿ ಹಾಕಿದರೂ ಹತ್ತುವುದಿಲ್ಲ’ ಎಂಬ ಮಾತನ್ನು ಹೊಸಬರಿಗೆ ಹೆಮ್ಮೆಯಿಂದ ಹೇಳುವವರಿದ್ದಾರೆ. ಆ ಮಾತು ಮೂರು ಕಡೆ ಸುಳ್ಳಾಗುತ್ತದೆ. ಒಂದು, ಬೇಸಿಗೆಯ ಬಿಸಿಲಿಗೆ ಕಾದ ಏಪ್ರನ್ನಿನ ನೆಲ 38 ಡಿಗ್ರಿಯನ್ನು ಸುಲಭವಾಗಿ ದಾಟುತ್ತದೆ. ಗಾಳಿಯ ಉಷ್ಣತೆ 32 ಇದ್ದರೂ ನೆಲದ ಮೇಲೆ ತೆಳುವಾಗಿ ಹರಡಿದ ಇಂಧನ ಅದಕ್ಕಿಂತ ಹೆಚ್ಚು ಬಿಸಿಯಾಗಿರುತ್ತದೆ. ಎರಡು, ಒತ್ತಡದಲ್ಲಿ ಸಣ್ಣ ಬಿರುಕಿನಿಂದ ಚಿಮ್ಮಿದ ಇಂಧನ ಮಂಜಿನಂತೆ ಹನಿಹನಿಯಾಗುತ್ತದೆ, ಆ ಹನಿಗಳಿಗೆ ಫ್ಲ್ಯಾಶ್ ಪಾಯಿಂಟ್‌ಗಿಂತ ಕೆಳಗೂ ಬೆಂಕಿ ಹತ್ತುತ್ತದೆ. ಮೂರು, ಬಟ್ಟೆಗೋ ಹೀರುವ ಹಾಸಿಗೋ ಹಿಡಿದ ಇಂಧನ ದೀಪದ ಬತ್ತಿಯಂತೆ ವರ್ತಿಸುತ್ತದೆ. ಕೊನೆಯದನ್ನು ನೆನಪಿಟ್ಟುಕೊಳ್ಳಿ, ಒರೆಸುವ ಹಂತದಲ್ಲಿ ಮತ್ತೆ ಬೇಕಾಗುತ್ತದೆ.

ಎರಡೂ ಇಂಧನಗಳ ಆವಿ ಗಾಳಿಗಿಂತ ಭಾರ. ಅದು ಮೇಲೇರಿ ಚದುರಿಹೋಗದೆ ನೆಲಕ್ಕೆ ಅಂಟಿಕೊಂಡು ತಗ್ಗಿನತ್ತ, ಚರಂಡಿಯತ್ತ, ನೆಲದೊಳಗಿನ ಗುಂಡಿಗಳತ್ತ ಸರಿಯುತ್ತದೆ. ಕಣ್ಣಿಗೆ ಕಾಣುವ ಮಡುವಿನ ಅಂಚು ಅಪಾಯದ ಅಂಚಲ್ಲ.

ಎಲ್ಲಿಂದ ಚೆಲ್ಲುತ್ತದೆ?

ಮೂಲ ಗೊತ್ತಿದ್ದರೆ ಯಾವ ಹಿಡಿಕೆ ಎಳೆಯಬೇಕು ಎಂಬುದು ಯೋಚಿಸದೆಯೇ ಹೊಳೆಯುತ್ತದೆ. ಸಾಮಾನ್ಯ ಮೂಲಗಳು ನಾಲ್ಕು.

ಮೊದಲನೆಯದು ರೆಕ್ಕೆಯ ತುದಿಯ ಬಳಿಯ ವೆಂಟ್, ಅಂದರೆ ಟ್ಯಾಂಕಿನ ಗಾಳಿಕಿಂಡಿ. ಟ್ಯಾಂಕು ತುಂಬಿದಾಗ ತಾನಾಗಿ ಮುಚ್ಚಬೇಕಾದ ವಾಲ್ವ್ ಕೈಕೊಟ್ಟರೆ ಹೆಚ್ಚಾದ ಇಂಧನ ಇಲ್ಲಿಂದ ಸುರಿಯುತ್ತದೆ. ತುಂಬಿಸುವಾಗ ಯಾವ ದೋಷವೂ ಇಲ್ಲದಿದ್ದರೂ ಇಲ್ಲಿಂದ ತೊಟ್ಟಿಕ್ಕಬಹುದು. ಇಂಧನ ಪ್ರತಿ ಡಿಗ್ರಿಗೆ ಸುಮಾರು ಶೇ 0.1ರಷ್ಟು ಹಿಗ್ಗುತ್ತದೆ. ದೊಡ್ಡ ಪ್ರಯಾಣಿಕ ವಿಮಾನಗಳ ಟ್ಯಾಂಕಿನಲ್ಲಿ ಹಿಗ್ಗುವಿಕೆಗೆಂದು ಶೇ 2ರಷ್ಟು ಜಾಗ ಬಿಟ್ಟಿರಬೇಕೆಂಬುದು ವಿನ್ಯಾಸದ ನಿಯಮ. ನೆಲದಡಿಯಿಂದ ತಣ್ಣಗೆ ಬಂದ ಇಂಧನ ಬಿಸಿಲಿನಲ್ಲಿ 20 ಡಿಗ್ರಿ ಬಿಸಿಯಾದರೆ ಆ ಜಾಗ ಮುಗಿಯಿತು. ಹೊರಡುವುದು ತಡವಾಗಿ, ಟ್ಯಾಂಕು ಭರ್ತಿಯಾಗಿ ಬಿಸಿಲಲ್ಲಿ ನಿಂತ ವಿಮಾನದ ರೆಕ್ಕೆಯ ತುದಿಯನ್ನು ಆಗಾಗ ನೋಡುತ್ತಿರಬೇಕು.

ಎರಡನೆಯದು ಹೋಸ್ ಮತ್ತು ರೆಕ್ಕೆ ಕೂಡುವ ಜಾಗ. 2001ರ ಸೆಪ್ಟೆಂಬರ್ 5ರಂದು ಡೆನ್ವರ್‌ನಲ್ಲಿ ನಿಂತಿದ್ದ ಬೋಯಿಂಗ್ 777ಕ್ಕೆ ಇಂಧನ ತುಂಬಿಸುತ್ತಿದ್ದಾಗ ಹೋಸ್‌ನ ತುದಿ ರೆಕ್ಕೆಯಿಂದ ಕಳಚಿಕೊಂಡಿತು. ಒತ್ತಡದಲ್ಲಿದ್ದ ಇಂಧನ ಚಿಮ್ಮಿ ಹೊತ್ತಿಕೊಂಡು ಇಂಧನ ತುಂಬಿಸುತ್ತಿದ್ದ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ವಿಮಾನದಲ್ಲಿದ್ದವರು ಪಾರಾದರು.

ಮೂರನೆಯದು ಹೈಡ್ರಂಟ್ ಗುಂಡಿ. ನೆಲದಡಿಯ ಕೊಳವೆಯಿಂದ ಬರುವ ಇಂಧನಕ್ಕೆ ಇಲ್ಲಿ ಕಪ್ಲರ್ (ಹೋಸನ್ನು ಕೊಳವೆಗೆ ಕೂಡಿಸುವ ಸಾಧನ) ಜೋಡಿಸಿರುತ್ತಾರೆ. ಅವಸರದಲ್ಲಿ ಹಿಂದಕ್ಕೆ ಬರುವ ವಾಹನ ಇದಕ್ಕೆ ಗುದ್ದಿದರೆ ಇಂಧನ ಕಾರಂಜಿಯಂತೆ ರೆಕ್ಕೆಯ ಎತ್ತರಕ್ಕೂ ಚಿಮ್ಮಬಲ್ಲದು. ನಾಲ್ಕರಲ್ಲಿ ಇದೇ ಅತಿ ಕೆಟ್ಟದ್ದು, ಏಕೆಂದರೆ ಇಂಧನ ಹೊತ್ತು ತರುವ ಟ್ಯಾಂಕರ್ ಆದ ಬೌಸರ್‌ನಲ್ಲಿ ಇಂಧನ ಇದ್ದಷ್ಟೇ ಇರುತ್ತದೆ, ಹೈಡ್ರಂಟ್‌ನ ಹಿಂದೆ ಇಡೀ ಸಂಗ್ರಹಾಗಾರವಿರುತ್ತದೆ.

ನಾಲ್ಕನೆಯದು ವಿಮಾನವೇ. 2007ರ ಆಗಸ್ಟ್ 20ರಂದು ಜಪಾನಿನ ನಾಹಾದಲ್ಲಿ ಇಳಿದ ಚೀನಾ ಏರ್‌ಲೈನ್ಸ್‌ನ ಬೋಯಿಂಗ್ 737-800ರ ರೆಕ್ಕೆಯ ಮುಂಚಾಚಿನ ಯಂತ್ರಭಾಗದಿಂದ ಕಳಚಿದ ಬೋಲ್ಟ್ ಒಂದು ಟ್ಯಾಂಕನ್ನು ತೂತು ಮಾಡಿತ್ತು. ನಿಲುಗಡೆ ತಾಣಕ್ಕೆ ಬಂದು ನಿಲ್ಲುತ್ತಿದ್ದಂತೆ ಬಿಸಿ ಎಂಜಿನ್ನಿನ ಕಡೆ ಇಂಧನ ಸೋರಿ ವಿಮಾನ ಸುಟ್ಟುಹೋಯಿತು. ಒಳಗಿದ್ದ 165 ಮಂದಿಯೂ ಹೊರಬಂದರು. ಇಂಧನ ತುಂಬಿಸುವವರು ಇನ್ನೂ ಹತ್ತಿರ ಸುಳಿಯದಿರುವಾಗಲೂ ಚೆಲ್ಲಬಹುದು. ಹಾಗಾಗಿ ಈ ಕ್ರಮ ಚಕ್ರಕ್ಕೆ ಅಡೆ ಕೊಡುವವರಿಗೂ ಲಗೇಜು ಇಳಿಸುವವರಿಗೂ ಬಾಯಿಪಾಠವಾಗಿರಬೇಕು.

ವಿಮಾನ ಬರುವ ಮುನ್ನ

ತುರ್ತಾಗಿ ಇಂಧನ ನಿಲ್ಲಿಸಲು ಒತ್ತುವ ಗುಂಡಿ ನಿಮ್ಮ ನಿಲುಗಡೆ ತಾಣದಲ್ಲಿ ಎಲ್ಲಿದೆ ಎಂದು ಕಣ್ಣಾರೆ ನೋಡಿಕೊಳ್ಳಿ. ಅದರ ಮುಂದೆ ಟ್ರಾಲಿ ನಿಲ್ಲಿಸಿದ್ದರೆ ಸರಿಸಿಸಿ. ಅಗ್ನಿಶಾಮಕ ಉಪಕರಣ, ಹೀರುವ ಸಾಮಗ್ರಿಯ ಪೆಟ್ಟಿಗೆ ಎಲ್ಲಿವೆ ಎಂಬುದೂ ಗೊತ್ತಿರಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ಎಂದು ಗಮನಿಸಿ.

ನೆಲದ ಇಳಿಜಾರನ್ನೂ ತಿಳಿದಿಟ್ಟುಕೊಳ್ಳಿ. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ 14ನೇ ಅನುಬಂಧದ ಪ್ರಕಾರ ನಿಲುಗಡೆ ತಾಣದ ಇಳಿಜಾರು ಶೇ 1ನ್ನು ಮೀರಬಾರದು, ಅಂದರೆ ಮೀಟರಿಗೆ ಒಂದು ಸೆಂಟಿಮೀಟರ್. ಇದು ಕಣ್ಣಿಗೆ ಸಮತಟ್ಟಾಗಿಯೇ ಕಾಣುತ್ತದೆ. ಮಳೆ ಬಂದ ದಿನ ನೀರು ಎತ್ತ ಹರಿದು ಯಾವ ಚರಂಡಿಗೆ ಸೇರುತ್ತದೆ ಎಂದು ಒಮ್ಮೆ ನೋಡಿಟ್ಟರೆ ಇಂಧನದ ದಾರಿಯೂ ಗೊತ್ತಾದಂತೆ.

ಬೌಸರ್‌ನ ಮುಂದೆ ದಾರಿ ತೆರೆದಿರಬೇಕು. ಹಿಂದಕ್ಕೆ ಬಾರದೆ ನೇರವಾಗಿ ಹೊರಡುವಂತಿರಬೇಕು. ಅನೇಕ ಕಡೆ ಈ ನಿಯಮ ಕಾಗದದಲ್ಲೇ ಉಳಿದಿರುತ್ತದೆ. ನಿಲುಗಡೆ ತಾಣ ಇಕ್ಕಟ್ಟಾಗಿದೆ ಎಂಬ ಸಬೂಬಿಗೆ ಬೆಂಕಿಯ ಮುಂದೆ ಬೆಲೆಯಿಲ್ಲ.

ಹೆಜ್ಜೆ 1: ಹರಿವು ನಿಲ್ಲಿಸಿ

ಇಂಧನ ತುಂಬಿಸುವವರ ಕೈಯಲ್ಲಿ ಡೆಡ್‌ಮ್ಯಾನ್ ಸ್ವಿಚ್ ಇರುತ್ತದೆ. ಹಿಡಿದಿದ್ದಷ್ಟು ಹೊತ್ತು ಇಂಧನ ಹರಿಯುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬಿಟ್ಟುಬಿಡಿ, ಅಷ್ಟೇ. ಹರಿವು ಆ ಕ್ಷಣವೇ ಕಡಿಯುವುದಿಲ್ಲ. ಅಮೆರಿಕದ ರಾಷ್ಟ್ರೀಯ ಅಗ್ನಿ ಸಂರಕ್ಷಣಾ ಸಂಘದ ಎನ್‌ಎಫ್‌ಪಿಎ 407 ಮಾನದಂಡದಂತೆ, ಬಿಟ್ಟ ಮೇಲೆ ಹರಿಯುವ ಪ್ರಮಾಣ ನಿಮಿಷದ ಹರಿವಿನ ಶೇ 5ನ್ನು ಮೀರಬಾರದು. ನಿಮಿಷಕ್ಕೆ 1,000 ಲೀಟರ್ ಹೋಗುತ್ತಿದ್ದರೆ 50 ಲೀಟರ್‌ವರೆಗೆ ಬರಬಹುದು. ಅದನ್ನು ಕಂಡು ಸ್ವಿಚ್ ಕೆಟ್ಟಿದೆಯೆಂದು ಮತ್ತೆ ಒತ್ತಿ ನೋಡಬೇಡಿ.

ಸ್ವಿಚ್ ಬಿಟ್ಟರೂ ನಿಲ್ಲದಿದ್ದರೆ ಬೌಸರ್‌ನ ಪಂಪ್ ನಿಲ್ಲಿಸುವ ತುರ್ತು ಗುಂಡಿ. ಹೈಡ್ರಂಟ್ ಆದರೆ ನೆಲದೊಳಗಿನ ಅದರ ಗುಂಡಿಯಿಂದ ಹೊರಗೆ ಹಾಸಿರುವ ಹಗ್ಗವನ್ನು ದೂರದಿಂದಲೇ ಎಳೆಯಿರಿ. ಒಳಗಿನ ವಾಲ್ವ್ ಮುಚ್ಚುತ್ತದೆ. ಚಿಮ್ಮುತ್ತಿರುವ ಇಂಧನದೊಳಗೆ ಹೋಗಿ ಕಪ್ಲರ್ ಕಳಚಲು ಯತ್ನಿಸಬೇಡಿ. ಹಗ್ಗಕ್ಕೂ ಜಗ್ಗದಿದ್ದರೆ ನಿಲುಗಡೆ ತಾಣದ ತುರ್ತು ಗುಂಡಿ ಒತ್ತಿ.

ಈ ಕೊನೆಯ ಗುಂಡಿಯ ಬಗ್ಗೆ ಒಂದು ಸಂಕೋಚವಿದೆ. ಅದನ್ನು ಒತ್ತಿದರೆ ಅಕ್ಕಪಕ್ಕದ ವಿಮಾನಗಳಿಗೂ ಇಂಧನ ನಿಲ್ಲಬಹುದು, ವೇಳಾಪಟ್ಟಿ ಏರುಪೇರಾಗಬಹುದು, ಆಮೇಲೆ ಯಾರಾದರೂ ಕೂಗಾಡಬಹುದು. ಕೂಗಾಡಲಿ. ಒತ್ತಿದವರನ್ನು ತರಾಟೆಗೆ ತೆಗೆದುಕೊಳ್ಳುವ ಮೇಲಧಿಕಾರಿ ಮುಂದಿನ ಬಾರಿ ಯಾರೂ ಒತ್ತದಂತೆ ಮಾಡುತ್ತಾನೆ.

ವೆಂಟ್‌ನಿಂದ ಸೋರುತ್ತಿದ್ದರೆ ತುಂಬಿಸುವುದನ್ನು ನಿಲ್ಲಿಸಿದ ಮೇಲೂ ಸ್ವಲ್ಪ ಹೊತ್ತು ಬರುತ್ತದೆ. ಕೆಳಗೆ ಪ್ಲಾಸ್ಟಿಕ್ ಬಕೆಟ್ ಹಿಡಿಯಬೇಡಿ. ಬೀಳುವ ಇಂಧನದಿಂದ ಸ್ಥಿರ ವಿದ್ಯುತ್ ಹುಟ್ಟಿ ಅದರಲ್ಲಿ ಕೂಡಿಕೊಳ್ಳುತ್ತದೆ, ಹರಿದು ಹೋಗಲು ದಾರಿಯಿರುವುದಿಲ್ಲ. ಇಂಧನವನ್ನು ಬೇರೆ ಟ್ಯಾಂಕಿಗೆ ವರ್ಗಾಯಿಸಬೇಕೇ ಎಂಬ ನಿರ್ಧಾರ ವಿಮಾನ ಸಿಬ್ಬಂದಿ ಮತ್ತು ಎಂಜಿನಿಯರ್‌ಗೆ ಸೇರಿದ್ದು.

ಹೆಜ್ಜೆ 2: ತಿಳಿಸಿ

ಮೊದಲು ಸುತ್ತಲಿದ್ದವರಿಗೆ ಗಟ್ಟಿಯಾಗಿ ಕೂಗಿ ಹೇಳಿ, ಆಮೇಲೆ ಕಾಕ್‌ಪಿಟ್‌ಗೆ, ಜೊತೆಯಲ್ಲೇ ಅಗ್ನಿಶಾಮಕ ದಳಕ್ಕೆ. ಒಬ್ಬರೇ ಎಲ್ಲವನ್ನೂ ಮಾಡಲಾಗದು, ಹೆಸರು ಹಿಡಿದು ಒಬ್ಬೊಬ್ಬರಿಗೆ ಒಂದೊಂದನ್ನು ಒಪ್ಪಿಸಿ. ‘ಯಾರಾದರೂ ಫೋನ್ ಮಾಡಿ’ ಎಂದರೆ ಯಾರೂ ಮಾಡುವುದಿಲ್ಲ.

ಮೊಬೈಲ್ ಅಥವಾ ರೇಡಿಯೊ ಬಳಸುವುದಾದರೆ ಇಂಧನದಿಂದ ದೂರ ಸರಿದು, ಗಾಳಿ ಬೀಸಿ ಬರುವ ಕಡೆ ನಿಂತು ಬಳಸಿ. ಹೇಳಬೇಕಾದುದು ಐದೇ ಸಂಗತಿ: ನಿಲುಗಡೆ ತಾಣದ ಸಂಖ್ಯೆ, ಯಾವ ಇಂಧನ, ಎಷ್ಟು ಅಗಲ ಹರಡಿದೆ, ಹರಿವು ನಿಂತಿದೆಯೇ, ವಿಮಾನದಲ್ಲಿ ಜನ ಇದ್ದಾರೆಯೇ.

ಹೆಜ್ಜೆ 3: ಜನರನ್ನು ಹೊರಗೆ ಕರೆತನ್ನಿ

ಪ್ರಯಾಣಿಕರು ಒಳಗಿದ್ದರೆ ಹತ್ತುವುದನ್ನು ಆ ಕ್ಷಣವೇ ನಿಲ್ಲಿಸಿ. ಇಳಿಸುವ ನಿರ್ಧಾರ ವಿಮಾನದ ಕ್ಯಾಪ್ಟನ್‌ನದು. ಅದಕ್ಕೆ ಬೇಕಾದ ಮಾಹಿತಿ ಹೊರಗೆ ನಿಂತ ನಿಮ್ಮಿಂದಲೇ ಹೋಗಬೇಕು. ಯಾವ ಬದಿಗೆ ಇಂಧನ ಇದೆ, ಅದು ಯಾವ ಬಾಗಿಲಿನತ್ತ ಹರಿಯುತ್ತಿದೆ ಎಂದು ಹೇಳಿ. ಬೆಂಕಿ ಇಲ್ಲದಿದ್ದರೆ ಏರೋಬ್ರಿಜ್ ಅಥವಾ ಇಂಧನವಿಲ್ಲದ ಬದಿಯ ಮೆಟ್ಟಿಲೇ ಸರಿ. ಗಾಳಿ ತುಂಬುವ ಜಾರುಬಂಡೆ ಬಿಟ್ಟರೆ ಕಾಲು ಮುರಿತದ ಅಪಾಯ ಬೇರೆ, ಜನ ಜಾರಿ ಇಂಧನದ ಮಡುವಿಗೇ ಬಂದು ನಿಲ್ಲುವ ಅಪಾಯ ಬೇರೆ.

ಹೊರಗಿನವರು ಗಾಳಿ ಬೀಸಿ ಬರುವ ಕಡೆ, ಇಳಿಜಾರಿನ ಮೇಲ್ಬದಿಯಲ್ಲಿ ಸೇರಲಿ. ಎರಡೂ ಒಂದೇ ಕಡೆ ಸಿಗದಿದ್ದರೆ ಹೆಚ್ಚು ದೂರ ಹೋಗಿ.

ಹೆಜ್ಜೆ 4: ಏನನ್ನೂ ಹಚ್ಚಬೇಡಿ, ಏನನ್ನೂ ಆರಿಸಬೇಡಿ

ಹಚ್ಚಬಾರದು ಎಂಬುದು ಎಲ್ಲರಿಗೂ ಗೊತ್ತು. ಆರಿಸುವುದೂ ಅಪಾಯ ಎಂಬುದು ಹಲವರಿಗೆ ಹೊಳೆಯುವುದಿಲ್ಲ. ಸ್ವಿಚ್ ತೆರೆದಾಗ, ಕೇಬಲ್ ಕಿತ್ತಾಗ ಹರಿಯುತ್ತಿದ್ದ ವಿದ್ಯುತ್ ಕಡಿದು ಕಿಡಿ ಹಾರುತ್ತದೆ. ಆದ್ದರಿಂದ ಇಂಧನ ಹರಡಿದ ಜಾಗದಲ್ಲಿ ನೆಲದ ವಿದ್ಯುತ್ ಕೇಬಲ್ ಚುಚ್ಚಲೂಬಾರದು, ಕೀಳಲೂಬಾರದು. ಸ್ಥಿರ ವಿದ್ಯುತ್ತಿನ ಕಿಡಿ ಹಾರದಂತೆ ವಿಮಾನಕ್ಕೂ ಇಂಧನ ವಾಹನಕ್ಕೂ ನಡುವೆ ಕಟ್ಟುವ ಬಾಂಡಿಂಗ್ ತಂತಿಗೂ ಇದೇ ಮಾತು. ಹೋಸ್ ಜೋಡಿಸುವ ಮೊದಲು ಕಟ್ಟಿದ ತಂತಿ ಎಲ್ಲಕ್ಕಿಂತ ಕೊನೆಗೆ ಬಿಚ್ಚುವಂಥದ್ದು. ಅದು ಇದ್ದಲ್ಲೇ ಇರಲಿ.

ವಾಹನಗಳ ವಿಷಯ ಸ್ವಲ್ಪ ಸೂಕ್ಷ್ಮ. ಮಡುವಿನೊಳಗೆ ಅಥವಾ ಅದರ ಬದಿಯಲ್ಲಿ ಎಂಜಿನ್ ಆರಿಸಿ ನಿಂತ ವಾಹನವನ್ನು ಸ್ಟಾರ್ಟ್ ಮಾಡಲೇಬಾರದು. ಆಗಲೇ ಓಡುತ್ತಿರುವ ಎಂಜಿನ್ ಇದ್ದರೆ, ಜನರಿಗೆ ಅಪಾಯವಿಲ್ಲವೆಂದಾದರೆ, ಅದನ್ನು ನಿಧಾನವಾಗಿ ಅಲ್ಲಿಂದ ಹೊರಗೆ ಓಡಿಸುವುದೇ ಸಾಮಾನ್ಯವಾಗಿ ಮೇಲು. ಅಲ್ಲೇ ಆರಿಸಬೇಕಾದ ಪರಿಸ್ಥಿತಿ ಬಂದರೆ ಮೊದಲು ಅದರ ವೇಗವನ್ನು ಐಡ್ಲಿಂಗ್‌ಗೆ ಇಳಿಸಿ, ಆಮೇಲೆ ಆರಿಸಬೇಕು. ಇಲ್ಲದಿದ್ದರೆ ಸೈಲೆನ್ಸರ್‌ನಲ್ಲಿ ಸಿಡಿದು ಬೆಂಕಿ ಹೊರಬರಬಹುದು. ಇಂಧನದ ಬೌಸರ್ ಮಾತ್ರ ಹೋಸ್ ಬಿಡಿಸಿ ಸುತ್ತಿಟ್ಟಿರುವುದನ್ನು ಕಣ್ಣಾರೆ ನೋಡದೆ ಕದಲಕೂಡದು. ಜೋಡಿಸಿದ ಹೋಸ್ ಸಮೇತ ಹೊರಟ ಬೌಸರ್ ಸಣ್ಣ ಸೋರಿಕೆಯನ್ನು ದೊಡ್ಡದು ಮಾಡುತ್ತದೆ.

ವಿಮಾನದ ಬಾಲದಲ್ಲಿರುವ ಸಹಾಯಕ ಎಂಜಿನ್ ಎಪಿಯು ನಿಂತಿದ್ದರೆ ಸ್ಟಾರ್ಟ್ ಮಾಡಬಾರದು. ಓಡುತ್ತಿದ್ದರೆ ಏನು ಮಾಡಬೇಕೆಂಬುದನ್ನು ಕಾಕ್‌ಪಿಟ್ ಮತ್ತು ಅಗ್ನಿಶಾಮಕ ಅಧಿಕಾರಿ ಸೇರಿ ನಿರ್ಧರಿಸಲಿ. ಹೈ ಫ್ರೀಕ್ವೆನ್ಸಿ ರೇಡಿಯೊ, ಹವಾಮಾನ ರೇಡಾರ್ ಬಳಸದಂತೆ ಕಾಕ್‌ಪಿಟ್‌ಗೆ ಹೇಳಿ. ಆಗಷ್ಟೇ ಇಳಿದ ವಿಮಾನದ ಬ್ರೇಕುಗಳು ಕೆಂಡದಂತೆ ಕಾದಿರುತ್ತವೆ, ಇಂಧನ ಚಕ್ರಗಳತ್ತ ಹರಿಯುತ್ತಿದ್ದರೆ ಅದನ್ನೇ ಮೊದಲು ತಡೆಯಬೇಕು. ಫೋಟೊ ತೆಗೆಯಲು ಫ್ಲ್ಯಾಶ್ ಬೆಳಗಿಸುವವರನ್ನು ಬೈದು ಓಡಿಸಿ, ಸೌಜನ್ಯ ಆಮೇಲೆ.

ಹೆಜ್ಜೆ 5: ಗಾತ್ರ ಅಳೆಯಿರಿ

ಎನ್‌ಎಫ್‌ಪಿಎ 407ರ ಮಾರ್ಗಸೂಚಿ ಮಡುವನ್ನು ಲೀಟರ್‌ನಲ್ಲಿ ಅಳೆಯದೆ ಅಗಲದಲ್ಲಿ ಅಳೆಯುತ್ತದೆ. ಇದು ಜಾಣತನ, ಏಕೆಂದರೆ ನೆಲಕ್ಕೆ ಬಿದ್ದ ಇಂಧನದ ಲೀಟರ್ ಲೆಕ್ಕ ಯಾರ ಕಣ್ಣಳತೆಗೂ ಸಿಗುವುದಿಲ್ಲ.

ಯಾವ ದಿಕ್ಕಿನಲ್ಲೂ ಅರ್ಧ ಮೀಟರ್ ಮೀರದಿದ್ದರೆ ಸಣ್ಣದು: ತುಂಬಿಸುವುದನ್ನು ನಿಲ್ಲಿಸಿ, ಹೀರಿಸಿ, ಕಾರಣ ಹುಡುಕಿ. ಅರ್ಧ ಮೀಟರಿನಿಂದ 3 ಮೀಟರ್‌ವರೆಗಿನದಕ್ಕೆ ಅಗ್ನಿಶಾಮಕ ಉಪಕರಣ ಹಿಡಿದು ಒಬ್ಬರು ಕಾವಲು ನಿಲ್ಲಬೇಕು, ಬೇರೆಯವರು ಹತ್ತಿರ ಬರಬಾರದು. ಒಂದು ದಿಕ್ಕಿನಲ್ಲಿ 3 ಮೀಟರ್ ಮೀರಿದರೆ, ಅಥವಾ 5 ಚದರ ಮೀಟರ್ ದಾಟಿದರೆ, ಅಥವಾ ಇನ್ನೂ ಹರಿಯುತ್ತಲೇ ಇದ್ದರೆ ಅದು ದೊಡ್ಡದು. ಇಂಥದ್ದನ್ನು ಅಗ್ನಿಶಾಮಕ ದಳವೇ ನಿಭಾಯಿಸಬೇಕು. ಎಷ್ಟು ಅಗಲಕ್ಕೆ ಅಗ್ನಿಶಾಮಕ ದಳವನ್ನು ಕರೆಯಬೇಕೆಂಬ ಗಡಿ ಹಲವು ವಿಮಾನ ನಿಲ್ದಾಣಗಳಲ್ಲಿ ಇದಕ್ಕಿಂತ ಕಡಿಮೆ ಇದೆ. ಗ್ಯಾಸೋಲಿನ್ ಆದರೆ ಗಾತ್ರ ನೋಡುತ್ತಾ ನಿಲ್ಲಬೇಡಿ, ಕರೆಯಿರಿ.

ಕಾವಲು ನಿಂತವರು ಒಣ ಪುಡಿಯ ಉಪಕರಣವನ್ನು ಹೊತ್ತಿಕೊಳ್ಳದ ಇಂಧನದ ಮೇಲೆ ಖಾಲಿ ಮಾಡಬಾರದು. ಪುಡಿ ಜ್ವಾಲೆಯನ್ನು ಆರಿಸುತ್ತದೆ, ಆವಿಯನ್ನು ತಡೆಯುವುದಿಲ್ಲ. ಆವಿಯನ್ನು ಮುಚ್ಚುವುದು ನೊರೆ. ಅಗ್ನಿಶಾಮಕ ದಳ ನೊರೆ ಹಾಸಿದ ಮೇಲೆ ಅದರೊಳಗೆ ನಡೆದಾಡಬೇಡಿ, ನೀರು ಹಾಯಿಸಬೇಡಿ. ಹರಿದ ನೊರೆಯ ಜಾಗದಿಂದ ಆವಿ ಮತ್ತೆ ಏಳುತ್ತದೆ.

ಹೆಜ್ಜೆ 6: ತಡೆಯಿರಿ, ಹೀರಿಸಿ, ಎತ್ತಿ

ಅಗ್ನಿಶಾಮಕ ಅಧಿಕಾರಿ ಒಪ್ಪಿದ ಮೇಲೆ, ಅಥವಾ ಸಣ್ಣ ಮಡುವಾದರೆ ಹರಿವು ನಿಂತ ಮೇಲೆ, ಈ ಕೆಲಸ. ಮೊದಲು ಚರಂಡಿ. ಹತ್ತಿರದ ಚರಂಡಿಯ ಬಾಯಿಗೆ ಮುಚ್ಚುವ ಹಾಳೆ ಹಾಸಿ ಅಥವಾ ಸುತ್ತ ಹೀರುವ ದಿಂಬುಗಳನ್ನು ಇಡಿ. ಒಳಗೆ ಹೋಗಿದ್ದರೆ ಕೆಳಗಿನ ಎಣ್ಣೆ ಬೇರ್ಪಡಿಸುವ ತೊಟ್ಟಿಯ ಹೊರವಾಲ್ವ್ ಮುಚ್ಚುವಂತೆ ತಿಳಿಸಿ. ಆಮೇಲೆ ಇಳಿಜಾರಿನ ಕೆಳಬದಿಯಿಂದ ಮಡುವಿನ ಸುತ್ತ ಒಡ್ಡು ಕಟ್ಟುತ್ತಾ ಬನ್ನಿ, ಹೊರ ಅಂಚಿನಿಂದ ಒಳಕ್ಕೆ ಹೀರಿಸಿ.

ನೀರು ಬಿಟ್ಟು ತೊಳೆಯಬೇಡಿ. ಇಂಧನ ನೀರಿಗಿಂತ ಹಗುರ, ತೇಲಿಕೊಂಡು ಹೋಗಿ ಇನ್ನಷ್ಟು ದೂರ ಹರಡುತ್ತದೆ, ಚರಂಡಿಯೊಳಗೆ ಆವಿ ಕಟ್ಟುತ್ತದೆ. ಮರದ ಹೊಟ್ಟನ್ನೂ ಬಳಸಬೇಡಿ, ಅದೇ ಉರುವಲು. ಖನಿಜದ ಹರಳು, ಇಂಧನಕ್ಕೆಂದೇ ತಯಾರಿಸಿದ ಹಾಸು ಸರಿ. ಸಲಿಕೆ ಕಿಡಿ ಹಾರಿಸದಂಥದ್ದಿರಲಿ.

ಇಲ್ಲಿ ಬತ್ತಿಯ ಮಾತು ಮತ್ತೆ ಬಂತು. ಇಂಧನ ಹೀರಿದ ಹಾಸು ನೆಲದ ಮೇಲಿನ ಮಡುವಿಗಿಂತ ಬೇಗ ಹೊತ್ತುತ್ತದೆ. ನೆಲ ಒಣಗಿತೆಂದು ನಿರಾಳರಾಗಿ ಹಾಸುಗಳನ್ನು ಕಸದ ಡಬ್ಬಿಗೆ ಹಾಕಿದರೆ ಅಪಾಯವನ್ನು ಇನ್ನೊಂದೆಡೆಗೆ ಸಾಗಿಸಿದಂತೆ. ಬಿಗಿ ಮುಚ್ಚಳದ ಪಾತ್ರೆಯಲ್ಲಿ ತುಂಬಿ, ಗುರುತು ಹಚ್ಚಿ, ಅಪಾಯಕಾರಿ ತ್ಯಾಜ್ಯವಾಗಿ ವಿಲೇವಾರಿ ಮಾಡಿ.

ಮೈಮೇಲೆ ಬಿದ್ದಿದ್ದರೆ

ಇಂಧನದಲ್ಲಿ ತೊಯ್ದ ಬಟ್ಟೆಯನ್ನು ಹಾಗೆಯೇ ಎಳೆದು ತೆಗೆಯಬಾರದು. ಬಟ್ಟೆ ಮೈಗೆ ಉಜ್ಜಿದಾಗ ಹುಟ್ಟುವ ಸ್ಥಿರ ವಿದ್ಯುತ್ತಿನ ಕಿಡಿ ಸಾಕು. ಮಡುವಿನಿಂದ ದೂರ ಕರೆದೊಯ್ದು, ಬಟ್ಟೆಯ ಮೇಲೆಯೇ ಧಾರಾಳವಾಗಿ ನೀರು ಸುರಿದು, ಪೂರ್ತಿ ಒದ್ದೆಯಾದ ಮೇಲೆ ತೆಗೆಯಿರಿ. ಚರ್ಮವನ್ನು ಸೋಪು ನೀರಿನಲ್ಲಿ ತೊಳೆಯಿರಿ. ಕಣ್ಣಿಗೆ ಬಿದ್ದಿದ್ದರೆ ಕನಿಷ್ಠ 15 ನಿಮಿಷ ಶುದ್ಧ ನೀರು ಹಾಯಿಸುತ್ತಾ ಇರಿ. ನುಂಗಿದ್ದರೆ ವಾಂತಿ ಮಾಡಿಸಬೇಡಿ. ಹೊರಬರುವಾಗ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆಯಲ್ಲಿದ್ದುದಕ್ಕಿಂತ ಹೆಚ್ಚು ಹಾನಿ. ವೈದ್ಯರ ಬಳಿಗೆ ಕಳುಹಿಸಿ. ‘ಏನೂ ಆಗಿಲ್ಲ’ ಎನ್ನುವವರನ್ನೂ ಕಳುಹಿಸಿ.

ವಿಮಾನ ಬಿಡುಗಡೆ

ನೆಲ ಒಣಗಿದ್ದರಿಂದ ಕೆಲಸ ಮುಗಿಯುವುದಿಲ್ಲ. ರೆಕ್ಕೆಯ ತಳ, ಫ್ಲ್ಯಾಪ್‌ಗಳ ಸಂದು, ಚಕ್ರಗಳು ಮಡಚಿಕೊಳ್ಳುವ ಗೂಡು, ಎಂಜಿನ್ ಕವಚದ ಕೆಳಭಾಗ ಇವುಗಳಲ್ಲಿ ಇಂಧನ ನಿಂತಿರಬಹುದು. ಎಂಜಿನಿಯರ್ ಒಂದೊಂದನ್ನೂ ನೋಡಿ ಒಪ್ಪಬೇಕು. ಟೈರು, ಬ್ರೇಕುಗಳಿಗೆ ತಗುಲಿದ್ದರೆ ಅವನ್ನು ಸ್ವಚ್ಛಗೊಳಿಸಬೇಕು. ಕ್ಯಾಬಿನ್‌ನಲ್ಲಿ ಇಂಧನದ ವಾಸನೆ ಇದೆಯೇ ಎಂದು ಕೇಳಿ. ಇದ್ದರೆ ಆವಿ ಎಲ್ಲಿಂದ ಒಳನುಗ್ಗಿತು ಎಂಬುದು ತಿಳಿಯುವ ತನಕ ಜನರನ್ನು ಹತ್ತಿಸಬಾರದು. ಡಾಂಬರಿನ ನೆಲವಾಗಿದ್ದರೆ ಅದನ್ನೂ ಪರೀಕ್ಷಿಸಿ, ಜೆಟ್ ಇಂಧನ ಡಾಂಬರನ್ನು ಕರಗಿಸಿ ಮೆತ್ತಗೆ ಮಾಡುತ್ತದೆ.

ಕಾರಣ ಸಿಗದೆ ಮತ್ತೆ ತುಂಬಿಸಲು ತೊಡಗಬೇಡಿ. ವೆಂಟ್‌ನಿಂದ ಬಂದಿದ್ದರೆ ವಾಲ್ವ್ ಪರೀಕ್ಷೆ, ಹೋಸ್‌ನಿಂದ ಬಂದಿದ್ದರೆ ಆ ಹೋಸ್ ಕೆಲಸದಿಂದ ಹೊರಗೆ. ತುರ್ತು ಗುಂಡಿ ಒತ್ತಿದ್ದರೆ ಅದನ್ನು ಮರಳಿ ಸರಿಪಡಿಸುವ ಅಧಿಕಾರ ಇಂಧನ ಸಂಸ್ಥೆಯದು, ಒತ್ತಿದವರದಲ್ಲ.

ವರದಿಯನ್ನು ಅದೇ ಪಾಳಿಯಲ್ಲಿ ಬರೆಯಿರಿ: ಸಮಯ, ಗಾಳಿಯ ದಿಕ್ಕು, ಮಡುವಿನ ಉದ್ದಗಲ, ಯಾವ ಗುಂಡಿ ಯಾವಾಗ ಒತ್ತಿದಿರಿ, ಯಾವ ವಾಹನ ಎಲ್ಲಿತ್ತು. ಬೌಸರ್‌ನ ಮೀಟರ್ ತೋರಿಸುವ ಪ್ರಮಾಣಕ್ಕೂ ವಿಮಾನದ ಟ್ಯಾಂಕಿನಲ್ಲಿ ಏರಿದ ಪ್ರಮಾಣಕ್ಕೂ ಇರುವ ವ್ಯತ್ಯಾಸವನ್ನು ಲೆಕ್ಕಹಾಕಿ. ನೆಲದಿಂದ ಎತ್ತಿದ್ದಕ್ಕಿಂತ ಅದು ತೀರ ಹೆಚ್ಚಿದ್ದರೆ ಉಳಿದದ್ದು ಚರಂಡಿಯಲ್ಲೋ ವಿಮಾನದ ಸಂದಿನಲ್ಲೋ ಇರುವ ಸಾಧ್ಯತೆಯಿದೆ, ಹುಡುಕಿಸಿ. ಖಾಲಿಯಾದ ಹೀರುವ ಸಾಮಗ್ರಿಯ ಪೆಟ್ಟಿಗೆಯನ್ನು ಆ ತಾಣಕ್ಕೆ ಮುಂದಿನ ವಿಮಾನ ಬರುವ ಮುನ್ನ ತುಂಬಿಸಿಡಿ.